ಟೊಪ್ಪಿಗೆ ಒದೆಯುವ ಕಾಲು

ಮೊಣಕಾಲಿಗೆ ಬಿಸಿ ಅರಿಶಿನ ಹಚ್ಚಿಸಿಕೊಳ್ಳುತ್ತ ಕುಳಿತಿದ್ದೇನೆ. ಉರಿಯುತ್ತಿದೆ, ಆದರೂ ಖುಷಿ ತಡೆಯಲಾಗುತ್ತಿಲ್ಲ. ಈ ವಾಸನೆ ಬಂದರೆ ಸಾಕು, ಮಸ್ಕಿಯ ನಮ್ಮ ಮನೆಯ ಹೊಸ್ತಿಲು ಕಣ್ಣ ಮುಂದೆ ನಿಲ್ಲುತ್ತದೆ ನೋಡಿ.

ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ನಮ್ಮ ಯಜಮಾನರು ಹರಕೆ ಹೊತ್ತು ಬವ್ವ ಎಂಬ ಕೋಡಂಗಿಯ ವೇಷ ಹಾಕುತ್ತಿದ್ದರು. ಮುಖಕ್ಕೆ ಮಸಿ, ತಲೆಗೆ ಕಾಗದದ ಉದ್ದ ಟೊಪ್ಪಿಗೆ. ಮೆರವಣಿಗೆಯ ಮುಂದೆ ಮಂದಿಯನ್ನು ನಗಿಸಬೇಕು. ಹಲಗೆ ಬಡಿತದ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳೀತು? ಅದಕ್ಕೇ ಮೈಯಿಂದಲೇ ಮಾತಾಡುತ್ತಿದ್ದರು. ಬಿದ್ದ ಟೊಪ್ಪಿಗೆ ಎತ್ತಲು ಬಾಗುವರು, ಅವರದೇ ಕಾಲು ಅದನ್ನು ಮುಂದಕ್ಕೆ ಒದೆಯುವುದು. ಹೀಗೇ ಇಡೀ ಓಣಿ, ಕೊನೆಗೆ ಧಡ್ಡನೆ ಬೀಳುವರು. ಮನೆಯಲ್ಲಿ ನಾನು ಅರಿಶಿನ ಹಚ್ಚುತ್ತ ಬೈಯುತ್ತಿದ್ದೆ.

"ನಾಚಿಕಿ ಇಲ್ಲೇನ್ರೀ? ಮಂದಿ ನಗಾಕತ್ತಾರ."

"ನಗ್ಲಿ ಅಂತನ ಬಿದ್ದೀನಿ ಬೇ. ನೀ ಒಬ್ಬಾಕಿ ನಕ್ಕಿದ್ರ ಹರಕಿ ಪೂರಾ ತೀರ್ತಿತ್ತು."

ನಾನೆಂಥ ಜಾಣೆ! ಒಮ್ಮೆಯೂ ನಗಲಿಲ್ಲ. ಅವರು ಹೋಗಿ ಒಂಬತ್ತು ವರ್ಷವಾಯಿತು.

ಸಿಂಧನೂರಿನಲ್ಲಿರುವ ಮಗನ ಮಗಳು ಮುನ್ನಿಗೆ ಆರು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು. ನನ್ನ ಬಳಿ ಇರುವುದೆಲ್ಲ ಬಾಯಿಯ ಕಥೆ; ಅವಳಿಗೆ ಅದರಿಂದೇನು? ನಾನು ಇಲ್ಲಿಗೆ ಬಂದಾಗಲೆಲ್ಲ ತಾಯಿಯ ಹಿಂದೆ ಸರಿಯುವಳು. ಈ ಕೂಸು ಒಮ್ಮೆಯಾದರೂ ನನ್ನ ತೊಡೆಯ ಮೇಲೆ ಕೂತೀತೇ ಎಂಬುದೇ ನನ್ನ ಚಿಂತೆಯಾಗಿತ್ತು.

ಇವತ್ತು ಮುಂಜಾನೆ ಮಗ ಅವಳಿಗೆ ಮೊಬೈಲಿನಲ್ಲಿ ಮಾತಿಲ್ಲದ ಹಳೇ ಕಪ್ಪುಬಿಳುಪು ಸಿನಿಮಾ ಹಾಕಿಕೊಟ್ಟ. ಮುನ್ನಿ ಕಿಲಕಿಲ ನಗತೊಡಗಿದಳು. ಇಣುಕಿದೆ. ಒಬ್ಬ ಟೊಪ್ಪಿಗೆ ಎತ್ತಲು ಬಾಗಿದ. ಅವನದೇ ಕಾಲು ಒದೆಯಿತು!

"ಲೇ, ಇಂವ ನಿಮ್ಮಬ್ಬಾನ್ನ ನೋಡಿ ಕಲ್ತಾನಲೇ!"

ಮಗ ನಕ್ಕ. "ಅಮ್ಮೀ, ಇದು ಅಬ್ಬಾ ಹುಟ್ಟೂಕಿಂತ ಮೊದಲಿಂದು. ಇವ್ರೂ ಪರದೇಶದ ಬೀದ್ಯಾಗ, ಸರ್ಕಸ್ಸಿನ್ಯಾಗ ಬಿದ್ದು ಬಿದ್ದನ ಕಲ್ತಾರಂತ."

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇಷ್ಟು ತಿಳಿಯಿತು: ಕಡಲಾಚೆಗೂ ಬವ್ವಗಳಿದ್ದರು. ಅವರ ಹೆಂಡಂದಿರೂ ಬೈದಿರಬೇಕು, ಪಾಪ.

ತಡೆಯಲಾಗಲಿಲ್ಲ. ಪೇಪರು ಸುತ್ತಿ ಟೊಪ್ಪಿಗೆ ಮಾಡಿದೆ, ರೊಟ್ಟಿ ಹಂಚಿನ ಮಸಿ ಬಳಿದುಕೊಂಡೆ. ಬಾಗಿದೆ, ಒದ್ದೆ. ಮತ್ತೆ ಬಾಗಿದೆ, ಒದ್ದೆ. ಮೂರನೆಯ ಸಲ ಬೇಡವೆಂದುಕೊಂಡರೂ ನಿಜವಾಗಿಯೇ ಬಿದ್ದೆ. ಸೊಸೆ ಓಡಿಬರುವುದರೊಳಗೆ ಮುನ್ನಿ ಬಂದು ನನ್ನ ತೊಡೆಯ ಮೇಲೆ ಉರುಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈಗ ಅರಿಶಿನ ಹಚ್ಚುತ್ತಿರುವವಳೂ ಅವಳೇ. ಮೊಣಕಾಲಿಗಿಂತ ಸೀರೆಗೇ ಹೆಚ್ಚು. ಟೊಪ್ಪಿಗೆ ನನ್ನ ಕೈಗಿತ್ತು ನೆಲ ತೋರಿಸುತ್ತಿದ್ದಾಳೆ, ಇನ್ನೊಮ್ಮೆ ಎಂದು.

"ಈ ವಯಸ್ಸಿನ್ಯಾಗ ಬೇಕೇನ್ ಅಮ್ಮೀ ಇದು?" ಎನ್ನುತ್ತಿದ್ದಾಳೆ ಸೊಸೆ.

"ನಗ್ಲಿ ಅಂತನ ಬಿದ್ದೀನಿ ಬೇ," ಎಂದೆ. ಮಾತು ಅವರದು. ಆಡಿದ್ದೇ ತಡ, ಇಷ್ಟು ವರ್ಷ ಅವರಿಗೆ ಕೊಡದೆ ಉಳಿಸಿಕೊಂಡಿದ್ದ ನಗೆಯೆಲ್ಲ ಒಮ್ಮೆಲೇ ಬಂದುಬಿಟ್ಟಿತು.