ತಾಳ ಕೇಳಿಸುವ ಸ್ಪೀಕರು

ಕಂಪ್ಯೂಟರಿಗೆ ಒಂದು ಸ್ಪೀಕರು ತೆಗೆದುಕೊಳ್ಳಲು ನಾನು ಪಟ್ಟ ಪಾಡು ನೋಡಿ ನಮ್ಮ ಐಸ್ ಪ್ಲಾಂಟಿನವರು, ಇವನದು ಹೆಣ್ಣು ನೋಡಲು ಹೋದಂತೆ ಆಯಿತು ಎಂದು ನಗುತ್ತಿದ್ದರು. ಕುಂದಾಪುರ ಆಯಿತು, ಬೈಂದೂರು ಆಯಿತು, ಎಲ್ಲಿಯೂ ಒಪ್ಪಿಗೆಯಾಗಲಿಲ್ಲ. ನಗುವವರಿಗೇನು ಹೋಗುತ್ತದೆ? ಅವರಿಗೆ ಗದ್ದಲವಾದರೆ ಸಾಕು. ನನಗೆ ತಾಳ ಕೇಳಬೇಕಿತ್ತು.

ವಿಷಯ ಬಿಡಿಸಿ ಹೇಳುತ್ತೇನೆ. ಗಂಗೊಳ್ಳಿ ಬಂದರಿನ ಹತ್ತಿರದ ಐಸ್ ಪ್ಲಾಂಟೊಂದರಲ್ಲಿ ಕಂಪ್ರೆಸರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಅರ್ಧ ಆಯುಷ್ಯ ಆ ಯಂತ್ರದ ಪಕ್ಕದಲ್ಲೇ ಕಳೆದಿದೆ. ಆದರೆ ಊರಿನಲ್ಲಿ ನನ್ನನ್ನು ಯಾರೂ ಐಸಿನವನು ಎನ್ನುವುದಿಲ್ಲ, ಮದ್ದಳೆಯವನು ಎನ್ನುತ್ತಾರೆ. ಶನಿವಾರ ಸಂಜೆ ನಮ್ಮ ಸಂಘದಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತೇ ಹಾಡಿ, ಕುಳಿತೇ ಮಾತಾಡುವ ಯಕ್ಷಗಾನ ಅದು. ಭಾಗವತ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕಂಚಿನ ತಾಳ ಹಿಡಿದು ಪದ್ಯ ಹೇಳುತ್ತಾನೆ, ಪಕ್ಕದಲ್ಲಿ ನಾನು ಮದ್ದಳೆ ನುಡಿಸುತ್ತೇನೆ. ತಾಳ ಎಲ್ಲಿ ಬೀಳುತ್ತದೋ ಅಲ್ಲೇ ನನ್ನ ಪೆಟ್ಟೂ ಬೀಳಬೇಕು. ಇಷ್ಟೇ ನನ್ನ ವಿದ್ಯೆ, ಇಷ್ಟೇ ನನ್ನ ಮರ್ಯಾದೆ.

ಆ ಮರ್ಯಾದೆಗೆ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕುತ್ತು ಬಂತು. ಸಂಘದ ಕಾರ್ಯದರ್ಶಿ ಚಾ ಕುಡಿಯುತ್ತ, ‘ಹ್ವಾಯ್, ಬೇಜಾರ್ ಮಾಡ್ಕಣ್ಬೇಡಿ. ಮದ್ದಳೆ ಒಂಚೂರ್ ಹಿಂದ್ ಬೀಳ್ತಾ ಇತ್ತಾ ಅಂದೇಳಿ ಒಬ್ರ್ ಇಬ್ರ್ ಹೇಳ್ತಾ ಇದ್ರ್’ ಎಂದರು. ನನಗೆ ಮೈಯೆಲ್ಲ ಉರಿಯಿತು. ಹಿಂದೆ ಬೀಳುವುದು ನಾನಾ? ಸಂಘದಲ್ಲಿ ನನಗಿಂತ ಕಿರಿಯ ಮಾಸ್ತರೊಬ್ಬರು ಮದ್ದಳೆ ಕಲಿತು ತಯಾರಾಗಿ ಕೂತಿದ್ದಾರೆ. ಒಳ್ಳೆಯ ಮನುಷ್ಯ, ಕೈಯೂ ಒಳ್ಳೆಯದೇ. ವರ್ಷದ ದೊಡ್ಡ ಕಾರ್ಯಕ್ರಮ ಹತ್ತಿರ ಬರುತ್ತಿತ್ತು. ಆ ಜಾಗ ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ನನಗೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಅದು ಹೋದರೆ ನಾನು ಬರೀ ಐಸಿನವನು. ಸುಳ್ಳು ಹೇಳುವುದಿಲ್ಲ, ಹೆದರಿಕೆಯಾಗಿತ್ತು.

ಸರಿ, ಮನೆಯಲ್ಲೇ ಅಭ್ಯಾಸ ಮಾಡೋಣ ಎಂದು ಮಗಳು ಓದುವಾಗ ತೆಗೆದಿದ್ದ ಕಂಪ್ಯೂಟರಿನ ಧೂಳು ಒರೆಸಿದೆ. ಹಳೆಯ ಪದ್ಯಗಳನ್ನು ಹಾಕಿ, ಅದರ ಜೊತೆಗೆ ಮದ್ದಳೆ ನುಡಿಸುತ್ತ ಕೂರುವುದು ನನ್ನ ಲೆಕ್ಕಾಚಾರ. ಹಾಕಿದರೆ ಭಾಗವತರ ಸ್ವರ ಇದೆ, ಮದ್ದಳೆಯ ಗುಮ್ಮೆನ್ನುವ ಪೆಟ್ಟು ಇದೆ, ತಾಳ ಮಾತ್ರ ಇಲ್ಲ. ಉಪ್ಪು ಹಾಕದ ಗಂಜಿ ಉಂಡಂತೆ ಆಯಿತು. ಕಂಪ್ಯೂಟರಿನ ಜೊತೆಗೆ ಬಂದ ಆ ಬೆಂಕಿಪೊಟ್ಟಣದಂಥ ಸ್ಪೀಕರಿನಲ್ಲಿ ಇನ್ನೇನು ಬಂದೀತು ಎಂದು ಅದನ್ನು ಕಿತ್ತು ಅಟ್ಟಕ್ಕೆ ಎಸೆದೆ.

ಸ್ಪೀಕರಿನ ವಿಷಯ ಸಾಕಷ್ಟು ಓದಿಕೊಂಡೇ ಹೊರಟೆ. ದೊಡ್ಡ ಸದ್ದಿಗೂ ಒಳ್ಳೆಯ ಸದ್ದಿಗೂ ಸಂಬಂಧವಿಲ್ಲ. ಪ್ಲಾಸ್ಟಿಕ್ಕಿಗಿಂತ ಮರದ ಪೆಟ್ಟಿಗೆ ಮೇಲು. ಸಣ್ಣ ಸ್ವರಗಳಿಗೆ ಟ್ವೀಟರ್ ಎಂಬ ಚಿಕ್ಕ ಸ್ಪೀಕರು ಬೇರೆಯೇ ಇರಬೇಕು. ಎಲ್ಲಕ್ಕಿಂತ ಮುಖ್ಯ, ಅಂಗಡಿಯವನ ಹಾಡು ಕೇಳಿ ಕೊಳ್ಳಬಾರದು, ನಮ್ಮ ಹಾಡು ನಾವೇ ಒಯ್ಯಬೇಕು. ನಾನು ಪೆನ್‌ಡ್ರೈವಿನಲ್ಲಿ ಒಂದು ಪದ್ಯ ಹಾಕಿಕೊಂಡು ಹೋದೆ. ಅದು ನನಗೆ ನಿದ್ದೆಯಲ್ಲೂ ಬಾಯಿಗೆ ಬರುವ ಪದ್ಯ.

ಕುಂದಾಪುರದ ಅಂಗಡಿಯವರು ನನ್ನ ಪೆನ್‌ಡ್ರೈವ್ ಮುಟ್ಟುವ ಮೊದಲೇ ಯಾವುದೋ ಡಿಜೆ ಹಾಡು ಹಾಕಿ ಗಾಜಿನ ಕಪಾಟು ಗಡಗಡ ಎನ್ನುವಂತೆ ಮಾಡಿದರು. ‘ಬೇಸ್ ಕಾಣಿ ಹ್ವಾಯ್, ಎದಿಗೇ ಹೊಡಿತ್ತಲೆ!’

‘ನಂಗ್ ಎದಿಗ್ ಹೊಡುದ್ ಬೇಡ ಮಾರಾಯ್ರೆ, ತಾಳ ಕೇಂಡ್ರೆ ಸಾಕ್’ ಎಂದೆ.

ನನ್ನ ಪದ್ಯ ಹಾಕಿದರು. ತಾಳ ಇಲ್ಲ. ಚೂಪು ಸ್ವರದ ಟ್ರೆಬಲ್ ಏರಿಸಿ ಎಂದೆ, ಏರಿಸಿದರು. ಇನ್ನೂ ಏರಿಸಿ ಎಂದೆ. ಅಂಗಡಿಯಲ್ಲಿದ್ದ ಹೆಂಗಸೊಬ್ಬರು ಕಿವಿ ಮುಚ್ಚಿಕೊಂಡು ಹೊರಗೆ ನಡೆದರು. ಇಂಥ ಡಬ್ಬಿ ಮಾರಿ ಜನರಿಗೆ ಟೋಪಿ ಹಾಕುತ್ತೀರಲ್ಲ ಎಂದು ಬೈದು ನಾನೂ ಹೊರಗೆ ಬಂದೆ.

ಬೈಂದೂರಿನಲ್ಲಿ ಒಬ್ಬರು ಬಾಂಬೆಯಿಂದ ಒಳ್ಳೆಯ ಮಾಲು ತರಿಸುತ್ತಾರೆಂದು ಕೇಳಿ ಅಲ್ಲಿಗೂ ಹೋದೆ. ಅಲ್ಲಿಯೂ ಅದೇ ಕತೆ. ಆ ಮನುಷ್ಯ ಸಮಾಧಾನದಿಂದ ಎರಡು ಮೂರು ಜೋಡಿ ಬದಲಿಸಿ ಬದಲಿಸಿ ಹಾಕಿ, ಕೊನೆಗೆ ಮೆಲ್ಲಗೆ, ‘ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ’ ಎಂದು ಗಾದೆ ಹೇಳಿದರು. ಅವರು ಬಾಯಿ ಆಡಿಸಿದ್ದು ಕಂಡಿತೇ ಹೊರತು ಮಾತು ಸರಿಯಾಗಿ ಕೇಳಲಿಲ್ಲ. ಏನು ಹೇಳಿದಿರಿ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಗಟ್ಟಿಯಾಗಿ ಹೇಳಿಸಿಕೊಂಡು, ಜಗಳ ಮಾಡಿ ಬಂದೆ. ಹೇಳಿಸಿಕೊಳ್ಳದೆ ಬಂದಿದ್ದರೂ ಆಗುತ್ತಿತ್ತು.

ಮತ್ತೊಂದು ಅಂಗಡಿ ನೋಡಲು ಬ್ರಹ್ಮಾವರಕ್ಕೆ ಹೊರಟಾಗ ಹೆಂಡತಿಯೂ ಬಂದಳು. ಕೋಟದಲ್ಲಿ ಅವಳ ತಂಗಿಯ ಮನೆ, ಬರುವಾಗ ಅಲ್ಲಿ ಇಳಿಯುವುದು ಎಂದು ಮಾತಾಗಿತ್ತು. ಅವಳಿಗೆ ಯಕ್ಷಗಾನ ಎಂದರೆ ನಿದ್ದೆ. ಮದುವೆಯಾದಾಗಿನಿಂದ ಒಂದು ಪ್ರಸಂಗವನ್ನೂ ಅವಳು ಪೂರ್ತಿ ನೋಡಿಲ್ಲ.

ಅಂಗಡಿಯವರು ವಯಸ್ಸಾದವರು, ಗಡಿಬಿಡಿ ಇಲ್ಲ. ಮರದ ಪೆಟ್ಟಿಗೆಯ ಒಂದು ಜೋಡಿಯನ್ನು ಕಿವಿಯ ಎತ್ತರಕ್ಕೆ ಇಟ್ಟು, ನನಗೆ ಎದುರಿಗೆ ಕುರ್ಚಿ ಹಾಕಿ, ಫ್ಯಾನ್ ಆರಿಸಿ ಪದ್ಯ ಹಾಕಿದರು. ನಾನು ಕಣ್ಣು ಮುಚ್ಚಿದೆ. ಅಬ್ಬ, ಎಂಥ ಸ್ವರ! ಭಾಗವತರು ಪಕ್ಕದಲ್ಲೇ ಕುಳಿತಂತಿತ್ತು. ಮದ್ದಳೆ ನನ್ನ ತೊಡೆಯ ಮೇಲೇ ಇದ್ದಂತೆ ನುಡಿಯಿತು. ತಾಳ ಮಾತ್ರ ಇಲ್ಲ.

ಬೈಯಲೆಂದೇ ಕಣ್ಣು ತೆರೆದೆ. ಎದುರು ಗೋಡೆಗೆ ಒರಗಿ ಹೆಂಡತಿ ಕುಳಿತಿದ್ದಳು. ತೊಡೆಯ ಮೇಲಿದ್ದ ಚೀಲದ ಮೇಲೆ ಅವಳ ಬೆರಳು ತನ್ನಷ್ಟಕ್ಕೆ ಬಡಿಯುತ್ತಿತ್ತು. ಮದ್ದಳೆ ಕೇಳಿ ಬಡಿಯುತ್ತಿದ್ದಾಳೆ ಎಂದುಕೊಂಡೆ. ಆದರೆ ಆ ಪದ್ಯದಲ್ಲಿ ಒಂದು ಕಡೆ ಸ್ವರವೂ ಮದ್ದಳೆಯೂ ಎರಡೂ ನಿಲ್ಲುತ್ತವೆ, ತಾಳವೊಂದೇ ನಡೆಯುತ್ತದೆ. ಆ ಜಾಗ ಬಂತು. ನನ್ನ ಪಾಲಿಗೆ ಅಂಗಡಿಯಲ್ಲಿ ಏನೇನೂ ಸದ್ದಿರಲಿಲ್ಲ. ಅವಳ ಬೆರಳು ನಿಲ್ಲಲಿಲ್ಲ. ಎಲ್ಲೆಲ್ಲಿ ತಾಳ ಬೀಳಬೇಕೋ ಅಲ್ಲಲ್ಲೇ, ಒಂದು ಕೂದಲೆಳೆಯೂ ಹಿಂದೆ ಮುಂದೆ ಆಗದೆ ಬೀಳುತ್ತಿತ್ತು.

‘ನಿಂಗ್ ತಾಳ ಕೇಣತ್ತಾ?’ ಎಂದೆ.

‘ಕೇಣ್ದೆ ಎಂತ? ಟಿಣ್ ಟಿಣ್ ಅಂದೇಳಿ ಕಿವಿಗ್ ಚುಚ್ಚತ್ತ್’ ಎಂದವಳು ನನ್ನ ಮುಖ ನೋಡಿದಳು. ನೋಡಿದವಳೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ‘ಇಲ್ಲೆ, ಇಲ್ಲೆ. ಅಷ್ಟ್ ಸಮಾ ಕೇಣ್ತಿಲ್ಲೆ. ಈ ಸ್ಪೀಕರೇ ಸಮ ಇಲ್ಲೆ. ಬನ್ನಿ, ಉಡುಪಿಗ್ ಹೋಪ, ಅಲ್ಲ್ ದೊಡ್ಡ ಅಂಗಡಿ ಇತ್ತಂಬ್ರ್.’

ಅಂಗಡಿಯವರು ಪದ್ಯ ನಿಲ್ಲಿಸಿದರು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಎಂದೂ ಬಂದಿಲ್ಲ. ಎರಡು ಊರಿನ ಅಂಗಡಿಯವರನ್ನು ಕಳ್ಳರೆಂದು ಬೈದುಕೊಂಡು ತಿರುಗಿದವನು ನಾನು. ಆ ಜೋಡಿಯನ್ನೇ ಕಟ್ಟಿಕೊಡಿ ಎಂದೆ. ಯಾಕೆ ತೆಗೆದುಕೊಂಡೆನೋ, ಬರಿಗೈಯಲ್ಲಿ ಎದ್ದು ಬರಲು ನಾಚಿಕೆಯಾಗಿರಬೇಕು.

ಕೋಟದಲ್ಲಿ ಇಳಿಯಲಿಲ್ಲ. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ‘ನಿಂಗ್ ಯಾವಾಗ್ಳಿಂದ ಗೊತ್ತಿತ್ತ್?’ ಎಂದು ಕೇಳಿದೆ. ಅವಳು ಕಿಟಕಿಯ ಹೊರಗೇ ನೋಡುತ್ತ, ‘ಕುಕ್ಕರ್ ಸೀಟಿ ಹೊಡೆದ್ರೂ ನಿಮ್ಗೆ ಗೊತ್ತಾತಿಲ್ಲೆ ಅಲ್ದಾ. ಹೇಳ್ರೆ ಮದ್ದಳೆ ಬಿಡ್ತ್ರಿ ಅಂದೇಳಿ ಸುಮ್ನಿದ್ದೆ’ ಎಂದಳು.

ಕುಂದಾಪುರದ ಕಿವಿ ಡಾಕ್ಟರು ಪರೀಕ್ಷೆ ಮಾಡಿದರು. ಯಂತ್ರದ ಸದ್ದಿನಲ್ಲಿ ಇಷ್ಟು ವರ್ಷ ಇದ್ದುದರಿಂದ ಸಣ್ಣ, ಚೂಪಾದ ಸ್ವರಗಳು ಹೋಗಿವೆ, ದಪ್ಪ ಸ್ವರಗಳು ಉಳಿದಿವೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಮಾತು ಕೇಳಲು ಕಿವಿಗೆ ಮಶಿನ್ ಹಾಕಿಕೊಳ್ಳಬಹುದು, ತಾಳದ ವಿಷಯ ತಾನು ಹೇಳಲಾರೆ ಎಂದರು. ಮನೆಗೆ ಬಂದು ಹೊಸ ಸ್ಪೀಕರಿನಲ್ಲಿ ಪದ್ಯ ಹಾಕಿದೆ. ಹೆಂಡತಿ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕುಳಿತು, ತಾಳ ಬಿದ್ದಲ್ಲೆಲ್ಲ ನನ್ನ ಭುಜಕ್ಕೆ ಮೆತ್ತಗೆ ತಟ್ಟತೊಡಗಿದಳು. ‘ತೆಗಿ ಕೈ’ ಎಂದು ಸಿಡುಕಿದೆ. ಅವಳು ಎದ್ದು ಹೋದಳು. ನನಗೆ ಅಳು ಬಂತು, ಬಂದದ್ದು ಅವಳಿಗೆ ಕಾಣದಿರಲಿ ಎಂದು ಕಂಪ್ಯೂಟರಿನ ಕಡೆಗೇ ಮುಖ ಮಾಡಿಕೊಂಡೆ.

ಆ ಶನಿವಾರ ಸಂಘಕ್ಕೆ ಹೋದೆ. ಕಿವಿ ಹೋಯಿತು ಎಂದು ಹೇಳಲು ನಾಲಿಗೆ ಏಳಲಿಲ್ಲ. ‘ಮೊಣಕಾಲ್ ಮಡ್ಚುಕೆ ಆತಿಲ್ಲೆ. ಈ ಸರ್ತಿ ಮದ್ದಳೆಗೆ ಮಾಸ್ತರ್ರ್ ಕೂಕಣ್ಲಿ’ ಎಂದೆ. ಇನ್ನೊಂದು ವರ್ಷ ಹೇಗಾದರೂ ಸುಧಾರಿಸಿ, ನೀವಿಲ್ಲದೆ ಹೇಗೆ ಎಂದು ಯಾರಾದರೂ ಹೇಳುತ್ತಾರೆ ಎಂದು ಒಂದು ಗಳಿಗೆ ಕಾದೆ. ಯಾರೂ ಹೇಳಲಿಲ್ಲ. ಕಾರ್ಯದರ್ಶಿ ನೆಲ ನೋಡಿದರು. ಭಾಗವತ ನನ್ನ ಜೊತೆಯಲ್ಲಿ ಶಾಲೆಗೆ ಹೋದವನು. ಅವನು ಎದ್ದು ಬಂದು ನನ್ನ ಭುಜ ಹಿಡಿದ. ಕಿವಿಯ ಹತ್ತಿರಕ್ಕೆ ಬಾಯಿ ತಂದ. ಒಂದೊಂದೇ ಮಾತು ಬಿಡಿಸಿ, ಅಂಗಳದಾಚೆಗೂ ಕೇಳುವಷ್ಟು ಗಟ್ಟಿಯಾಗಿ, ‘ಮೊಣಕಾಲ್... ಜಾಗ್ರತಿ... ಮಾಡ್ಕೋ... ಆಯ್ತಾ?’ ಎಂದ.