ಗುಲಾಬಿಯಕ್ಕನ ಡಬ್ಬಿ

ಮುಂಬೈಗೆ ಬಂದ ಮರುದಿನ ಬೆಳಿಗ್ಗೆ ಯಾರೋ ನಮ್ಮ ಬಾಗಿಲಿಗೆ ಗುದ್ದಿದರು. ತೆರೆದರೆ ಗುರುತಿಲ್ಲದ ಹೆಂಗಸು.

"ಒಳಗೆ ಯಾರು ಸತ್ತದ್ದು?"

"ಯಾರೂ ಸಾಯಲಿಲ್ಲ."

"ಮತ್ತೆ ಹಗಲಲ್ಲಿ ಬಾಗಿಲು ಹಾಕಿದ್ದು ಎಂತಕ್ಕೆ ಮಾರಾಯ್ತಿ?"

ಅವರೇ ಗುಲಾಬಿಯಕ್ಕ, ಪಕ್ಕದ ಕೋಣೆಯವರು. ಉಡುಪಿ ಕಡೆಯವರು, ಗಂಡ ಇಲ್ಲ, ಮಕ್ಕಳಿಲ್ಲ. ನನ್ನ ಗಂಡ ಮಾಟುಂಗದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ನಮಗೆ ಕುರ್ಲಾದ ಸಾಲುಮನೆಗಳ ಚಾಳಿನಲ್ಲಿ ಒಂದು ಖೋಲಿ ಸಿಕ್ಕಿತ್ತು. ಖೋಲಿ ಅಂದರೆ ಒಂದೇ ಕೋಣೆ, ಅಡುಗೆ ನಿದ್ದೆ ಎಲ್ಲ ಅಲ್ಲೇ. ಊರಿನ ನಮ್ಮ ದನದ ಹಟ್ಟಿ ಅದಕ್ಕಿಂತ ದೊಡ್ಡದು. ಊರಲ್ಲಿ ಪಕ್ಕದ ಮನೆಗೆ ಹೋಗಲು ಗದ್ದೆ ದಾಟಬೇಕು. ಇಲ್ಲಿ ಪಕ್ಕದವರ ಕೆಮ್ಮು ನನ್ನ ತಲೆದಿಂಬಿನ ಹತ್ತಿರ. ಹೆದರಿ ಬಾಗಿಲು ಹಾಕಿಕೊಂಡಿದ್ದೆ. ಚಾಳಿನಲ್ಲಿ ಹಗಲು ಬಾಗಿಲು ಹಾಕುವುದು ಸಾವಿಗೆ, ಇಲ್ಲವೇ ಜಗಳಕ್ಕೆ. ಅದು ನನಗೆ ಹೇಗೆ ಗೊತ್ತಿರಬೇಕು?

ಮೀನಿನವಳ ಹತ್ತಿರ ಮರಾಠಿಯಲ್ಲಿ ಚೌಕಾಸಿ ಮಾಡಲು ಕಲಿಸಿದ್ದು ಗುಲಾಬಿಯಕ್ಕ. ನನ್ನ ಬಾಣಂತನ ಮಾಡಿದ್ದೂ ಅವರೇ. ಅಮ್ಮ ಊರಿಂದ ಬರುವಷ್ಟರಲ್ಲಿ ಮಗಳು ನಗಲು ಕಲಿತಿದ್ದಳು. ಅಕ್ಕನದು ಸಿಹಿ ಮಾತಲ್ಲ. ಬೈದುಕೊಂಡೇ ಬಡಿಸುವವರು. ಆಚೆ ಖೋಲಿಯ ಮರಾಠಿಯವಳಿಗೂ ಅದೇ ಬೈಗುಳ, ಅದೇ ಊಟ.

ಗಂಡ ತೀರಿಕೊಂಡ ಮೇಲೆ ಮಗಳು ಮಲಾಡಿನ ಫ್ಲ್ಯಾಟಿಗೆ ಕರೆದುಕೊಂಡು ಬಂದಳು. ಗೃಹಪ್ರವೇಶಕ್ಕೆ ಬಂದ ಅಕ್ಕ ಬೆಲ್ ನೋಡಿ ನಕ್ಕರು. "ನಮ್ಮವರ ಮನೆಗೆ ಬೆಲ್ ಒತ್ತುವುದುಂಟಾ? ಕರೆದರೆ ಸಾಕು."

ಇಲ್ಲಿ ಎಲ್ಲರೂ ಬಾಗಿಲು ಹಾಕಿಯೇ ಇರುತ್ತಾರೆ. ನಾನೂ ಹಾಕಿದೆ.

ಕಳೆದ ಮಳೆಗಾಲ ಒಂದು ದಿನ ಕಸ ಇಡಲು ಬಾಗಿಲು ತೆರೆದರೆ ಹೊಸ್ತಿಲಲ್ಲಿ ಸ್ಟೀಲಿನ ಡಬ್ಬಿ. ಒಳಗೆ ಕೆಸುವಿನೆಲೆಯ ಪತ್ರೊಡೆ, ಇನ್ನೂ ಬೆಚ್ಚಗಿತ್ತು. ಎದುರು ಮನೆಯ ಗುಜರಾತಿ ಹೆಂಗಸು ಹೇಳಿದಳು, ಒಬ್ಬ ಮುದುಕಿ ಬಂದು ಎರಡು ಸಲ ಕರೆದಳಂತೆ. ಬೆಲ್ ಒತ್ತಿ ಎಂದರೆ, "ಅಪ್ನಾ ಘರ್ ಹೈ, ಬೆಲ್ ಕಾಯ್ಕೂ?" ಎಂದಳಂತೆ. ನಮ್ಮದೇ ಮನೆ, ಬೆಲ್ ಯಾಕೆ ಎಂದು. ಡಬ್ಬಿ ಇಟ್ಟು ಹೋದಳಂತೆ. ಆಗ ನಾನು ಒಳಗೆ ಮಿಕ್ಸಿ ಹಾಕಿದ್ದೆ.

ಆ ಮಂಡಿ ನೋವಿನಲ್ಲಿ ಎರಡು ಲೋಕಲ್ ರೈಲು ಬದಲಿಸಿ ಬಂದವರು.

ಮರುದಿನವೇ ಹೋಗಬೇಕಿತ್ತು. ಆದರೆ ಕೊಟ್ಟ ಡಬ್ಬಿಯನ್ನು ಖಾಲಿ ಹಿಂದೆ ಕೊಡಬಾರದಲ್ಲ. ಅವರಿಗೆ ಇಷ್ಟದ ಚಕ್ಕುಲಿ ಮಾಡೋಣ ಎಂದು ಅಕ್ಕಿ ತೊಳೆದು ಹರಡಿದೆ. ಮಳೆ ಬಿಡಲಿಲ್ಲ. ಅಕ್ಕಿ ವಾಸನೆ ಬಂತು, ಬಿಸಾಡಿದೆ. ಮತ್ತೆ ತೊಳೆದೆ.

"ಅಮ್ಮಾ, ಅಂಗಡಿಯಿಂದ ತರ್ತೇನೆ, ತಗೊಂಡ್ಹೋಗು" ಎಂದಳು ಮಗಳು.

"ಅಕ್ಕ ನನ್ನ ಮುಖಕ್ಕೆ ಬಿಸಾಡ್ತಾರೆ" ಎಂದೆ.

ಎರಡನೇ ಸಲದ ಅಕ್ಕಿ ಒಣಗುವ ಮೊದಲು ಚಾಳಿನ ಆ ಮರಾಠಿಯವಳ ಫೋನ್ ಬಂತು.

ನಾನು ತಲುಪುವಷ್ಟರಲ್ಲಿ ಅಕ್ಕನನ್ನು ಸ್ಮಶಾನಕ್ಕೆ ಒಯ್ದಾಗಿತ್ತು. ಗುಲಾಬಿಯಕ್ಕನ ಖೋಲಿಯ ಬಾಗಿಲು ಹಗಲಲ್ಲಿ ಹಾಕಿದ್ದನ್ನು ಅಂದೇ ಮೊದಲು ನೋಡಿದ್ದು. ಮರಾಠಿಯವಳಿಗೆ ಡಬ್ಬಿ ಕೊಡಲು ಹೋದೆ. ಅವಳು ಕೈ ಹಿಂದೆ ತೆಗೆದುಕೊಂಡಳು. "ಅದು ನಿನ್ನ ಹತ್ತಿರವೇ ಇರಲಿ."

ಊರಿನ ನೆಂಟರು ನೀವು, ಫೋನ್ ಮಾಡಿದಾಗಲೆಲ್ಲ ಊರಿಗೆ ಬಂದುಬಿಡು ಎನ್ನುತ್ತೀರಿ. ಬಂದು ಯಾರ ಹೊಸ್ತಿಲಲ್ಲಿ ನಿಂತು ಕರೆಯಲಿ? ನನ್ನನ್ನು ಹಾಗೆ ಕರೆಯುವವರೂ ಅಲ್ಲಿ ಉಳಿದಿಲ್ಲ. ಇಲ್ಲೂ ಉಳಿದಿಲ್ಲ, ಅದು ಬೇರೆ ಮಾತು. ಆದರೂ ಬೆಳಿಗ್ಗೆ ಮಗಳು ಆಫೀಸಿಗೆ ಹೋದ ಮೇಲೆ ಬಾಗಿಲು ತೆರೆದಿಡುತ್ತೇನೆ. ವಾಚ್‌ಮನ್ ದಿನಾ ಬೈಯುತ್ತಾನೆ. ಮಿಕ್ಸಿ ಹಾಕುವ ಮೊದಲು ಒಮ್ಮೆ ಹೊರಗೆ ಹೋಗಿ ನೋಡಿ ಬರುತ್ತೇನೆ.