ಅಮರಮ್ಮನ ಎಸ್ಟೀಮು, ಕನಕರಾಜನ ಗೇಜು

ಕುಷ್ಟಗಿಯ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿರುವ ಅಮರಮ್ಮನಿಗೆ ವಾರದ ಆರು ದಿನ ಬಸ್ಸುಗಳದು, ಭಾನುವಾರವೊಂದು ತನ್ನದು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಐಟಿಐಯಲ್ಲಿ ಹುಡುಗರ ನಡುವೆ ಒಬ್ಬಳೇ ಕೂತು ಮೋಟಾರು ಕೆಲಸ ಕಲಿತವಳು. ಮೂವತ್ತಾರರ ವಯಸ್ಸಿನಲ್ಲಿ ಹಳೆಯ ಎಸ್ಟೀಮ್ ಕಾರೊಂದನ್ನು ತಂದು, ಹಿಂದಿನ ಸೀಟು ಕಿತ್ತು, ಕಬ್ಬಿಣದ ಪೈಪಿನ ಪಂಜರ ಬೆಸೆದು, ಮಣ್ಣಿನ ಮೈದಾನದ ರೇಸಿಗೆ ತಾನೇ ಓಡಿಸಲು ಹೊರಟಾಗ ಅವಳ ಅವ್ವ ಪಕೀರಮ್ಮ ಕೇಳಿದ್ದು ಒಂದೇ ಮಾತು: "ಬ್ರೇಕ್ ಛಲೋ ಅದಾವಿಲ್ಲೋ?"

ಈ ಸಲದ ರೇಸು ತಾವರಗೇರಾದ ಆಚೆ, ಬೆಳೆ ತೆಗೆದ ಕೆಂಪು ಹೊಲದಲ್ಲಿ. ಬೆಳಗಿನ ಅಭ್ಯಾಸದ ಸುತ್ತಿನಲ್ಲೇ ಕಾರು ಕೈಕೊಟ್ಟಿತು. ನೇರ ದಾರಿಯ ಕೊನೆಗೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಇಂಜಿನ್ ಉಸಿರು ಕಟ್ಟಿದಂತೆ ಮುಗ್ಗರಿಸುತ್ತಿತ್ತು. ಒಳಗೆ ಕಾಳು ಹುರಿದಂಥ ಚಟಪಟ ಸದ್ದು. ಅಮರಮ್ಮ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಳು. ಕಂದು ಬಣ್ಣಕ್ಕಿರಬೇಕಾದ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಹೀಗೇ ಓಡಿಸಿದರೆ ಪಿಸ್ಟನ್ ಸುಟ್ಟು ತೂತು ಬೀಳುತ್ತದೆ.

ಪೆಟ್ರೋಲಿನ ಒತ್ತಡವನ್ನು ಹಿಂದಿನ ದಿನವಷ್ಟೇ ಹೊಂದಿಸಿಕೊಟ್ಟವನು ಗಂಗಾವತಿಯ ಕನಕರಾಜ. ಸುತ್ತಲಿನ ರೇಸು ಕಾರುಗಳಿಗೆಲ್ಲ ಅವನದೇ ಕೈ. ಕರೆದಾಗ ಬಂದು ಒತ್ತಡ ಅಳೆಯುವ ತನ್ನ ಗೇಜನ್ನು ಮತ್ತೆ ಜೋಡಿಸಿ ತೋರಿಸಿದ. ಮುಳ್ಳು ನಲವತ್ತಮೂರರಲ್ಲಿ ನಿಂತಿತ್ತು. ಇರಬೇಕಾದದ್ದೂ ಅಷ್ಟೇ.

"ಒತ್ತಡ ಬರೋಬ್ಬರಿ ಐತ್ರಿ ಅಕ್ಕಾರ. ನೀವ ದಮ್ ಹಿಡಿದು ಒತ್ತವಲ್ರಿ."

ಸುತ್ತ ನಿಂತವರು ನಕ್ಕರು.

"ಪ್ಲಗ್ ಬೆಳ್ಳಗಾಗೈತಲ್ಲ, ಅದಕ್ಕೇನಂತೀರಿ?"

"ಹಂಗಾರ ನನ್ನ ಗೇಜ್ ಸುಳ್ಳು ಹೇಳ್ತೈತೇನ್ರಿ?"

"ಹೇಳಿದ್ರೂ ಹೇಳಬಹುದು. ಕೊಡ್ರಿ ಇಲ್ಲೆ, ತಾಸಿನ್ಯಾಗ ತರ್ತೀನಿ."

ಎಲ್ಲರ ಎದುರು ಇಲ್ಲ ಎನ್ನಲಾಗದೆ ಕನಕರಾಜ ಕೊಟ್ಟ. ಅಮರಮ್ಮ ಬೈಕು ಹತ್ತಿ ತಾವರಗೇರಾಕ್ಕೆ, ಸರ್ದಾರಬೀಯ ಪಂಕ್ಚರ್ ಅಂಗಡಿಗೆ ಹೋದಳು.

"ಚಾಚಿ, ನಿಮ್ಮ ಟ್ಯಾಂಕಿನ ಗಾಳಿ ಇದಕ್ಕೊಂದಿಷ್ಟು ಬಿಡ್ರಿ."

ಗಾಳಿ ಟ್ಯಾಂಕಿನ ಮೀಟರು ನಲವತ್ತು ತೋರಿಸಿದಾಗ ಕನಕರಾಜನ ಗೇಜು ನಲವತ್ತೇಳು ತೋರಿಸಿತು. ಸರ್ದಾರಬೀ ಕಣ್ಣು ಕಿರಿದು ಮಾಡಿ ನೋಡಿ, "ನಂದ ತಪ್ಪಿರಬಹುದವ್ವಾ, ಬಸ್ ಸ್ಟ್ಯಾಂಡ್ ಹತ್ರದ ಅಂಗಡ್ಯಾಗೂ ನೋಡು," ಎಂದಳು. ಅಲ್ಲಿಯೂ ನಲವತ್ತು, ನಲವತ್ತೇಳು.

ಗೇಜು ಏಳು ಹೆಚ್ಚು ತೋರಿಸುತ್ತಿದೆ. ಹಾಗಾದರೆ ಕಾರಿನಲ್ಲಿದ್ದ ನಿಜವಾದ ಒತ್ತಡ ಮೂವತ್ತಾರು. ಈ ಮುಳ್ಳನ್ನು ಐವತ್ತಕ್ಕೆ ಒಯ್ದರೆ ಮಾತ್ರ ಇಂಜಿನ್ನಿಗೆ ನಲವತ್ತಮೂರು ಸಿಗುತ್ತದೆ.

ಹೊಲಕ್ಕೆ ಮರಳಿ ಕಂಡದ್ದನ್ನು ಹೇಳಿದಳು. ಯಾರೂ ನಂಬಲಿಲ್ಲ. ಅವಳು ವಾದಕ್ಕೆ ನಿಲ್ಲದೆ ಗೇಜು ಜೋಡಿಸಿ ಇಂಜಿನ್ ಶುರು ಮಾಡಿದಳು. ಒತ್ತಡ ಹೊಂದಿಸುವ ರೆಗ್ಯುಲೇಟರಿನ ಸಣ್ಣ ರಬ್ಬರ್ ಪೈಪು ಕಿತ್ತು ಬಾಯಿ ಮುಚ್ಚಿದಳು, ನಟ್ಟು ಸಡಿಲಿಸಿ ತಿರುಪನ್ನು ಕಾಲು ಸುತ್ತಿನಷ್ಟೇ ತಿರುಗಿಸಿದಳು. ನಲವತ್ತೈದು. ಮತ್ತೆ ಕಾಲು ಸುತ್ತು.

"ಐವತ್ತಕ್ಕ ಒಯ್ದ್ರ ಇಂಜಿನ್ ಪೆಟ್ರೋಲ್‌ನ್ಯಾಗ ಮುಳುಗ್ತೈತಿ! ಆಮ್ಯಾಲೆ ನನ್ನ ಕೇಳಬ್ಯಾಡ್ರಿ," ಎಂದು ಕನಕರಾಜ ಕೂಗಿದ.

"ಕೇಳೂದಿಲ್ರಿ."

ಐವತ್ತರಲ್ಲಿ ನಟ್ಟು ಬಿಗಿದು, ಎಲ್ಲಿಯೂ ಪೆಟ್ರೋಲ್ ಜಿನುಗುತ್ತಿಲ್ಲವೆಂದು ಬೆರಳಾಡಿಸಿ ನೋಡಿ, ಪೈಪು ಸಿಕ್ಕಿಸಿದಳು.

ರೇಸಿನ ಮೊದಲ ಸುತ್ತಿನಲ್ಲಿ ಎಸ್ಟೀಮು ಎಲ್ಲಿಯೂ ಮುಗ್ಗರಿಸಲಿಲ್ಲ. ಇಳಿದು ಪ್ಲಗ್ ಬಿಚ್ಚಿದರೆ ತಿಳಿಗಂದು. ಅಮರಮ್ಮನಿಗೆ ಕುಣಿಯುವಷ್ಟು ಹಿಗ್ಗಾಯಿತು. ಆ ಹಿಗ್ಗಿನಲ್ಲೇ ಇನ್ನೊಂದು ಯೋಚನೆ ಚುಚ್ಚಿತು. ಇದೇ ಗೇಜಿನಿಂದ ಹೊಂದಿಸಿದ ಇನ್ನೂ ನಾಲ್ಕು ಕಾರು ಅಲ್ಲಿದ್ದವು. ಸುಮ್ಮನಿದ್ದರೆ ಫೈನಲ್ಲಿನಲ್ಲಿ ಅವು ತಾವಾಗಿಯೇ ನಿಲ್ಲುತ್ತಿದ್ದವು. ಬೆಳಿಗ್ಗೆ ನಕ್ಕವರೂ ಆ ಕಾರುಗಳವರೇ.

ಅವಳು ನೇರವಾಗಿ, ಆ ನಾಲ್ವರಲ್ಲಿ ಎಲ್ಲರಿಗಿಂತ ಜೋರು ಓಡಿಸುವ ಅಫ್ರೋಜನ ಹತ್ತಿರ ಹೋದಳು. "ತಮ್ಮಾ, ನಿನ್ನ ಗಾಡೀನೂ ಚಟಪಟ ಅಂತೈತಿಲ್ಲ? ಪ್ಲಗ್ ಬಿಚ್ಚು."

ಬಿಚ್ಚಿದ. ಅದೂ ಬೆಳ್ಳಗೆ.

ಕನಕರಾಜ ಕೆಂಡವಾದ. "ನನ್ನ ಹೆಸರು ಕೆಡಸಾಕತ್ತೀರಿ ನೀವು!"

"ನಿಮ್ಮ ಹೆಸರಿಗೆ ನಾ ಏನೂ ಅಂದಿಲ್ರಿ ಅಣ್ಣಾರ, ಗೇಜಿಗೆ ಅಂದೇನಿ. ಪ್ಲಗ್ ಹಿಡ್ಕೊಂಡು ನೋಡ್ರಿ. ನಾ ಸುಳ್ಳಾಗಿದ್ರ ಈಗ ಎಲ್ಲಾರ ಮುಂದ ಹೇಳ್ರಿ."

ಅವನು ಪ್ಲಗ್ಗನ್ನು ಬಹಳ ಹೊತ್ತು ತಿರುವಿ ತಿರುವಿ ನೋಡಿದ. ಕೊನೆಗೆ, "ಹೋದ ತಿಂಗಳ ಗೇಜ್ ಬೈಕಿನ ಮ್ಯಾಲಿಂದ ಬಿದ್ದಿತ್ತು," ಎಂದಷ್ಟೇ ಹೇಳಿ, ತಾನೇ ಅಫ್ರೋಜನ ಕಾರಿನ, ಆಮೇಲೆ ಉಳಿದ ಮೂರರ ತಿರುಪಿಗೆ ಕೈ ಹಚ್ಚಿದ. ತಪ್ಪಾಯಿತೆಂಬ ಮಾತು ಅವನ ಬಾಯಿಂದ ಬರಲಿಲ್ಲ. ಅಮರಮ್ಮ ಅದಕ್ಕಾಗಿ ಕಾಯಲೂ ಇಲ್ಲ.

ಫೈನಲ್ಲಿನಲ್ಲಿ ಅಫ್ರೋಜ ಗೆದ್ದ. ಅಮರಮ್ಮ ಎರಡನೆಯವಳಾಗಿ ಬಂದಳು, ಅವನ ಧೂಳು ತಿನ್ನುತ್ತ. ಹೆಲ್ಮೆಟ್ಟು ತೆಗೆಯುವಾಗ ಅವನೇ ಬಂದು ಕೇಳಿದ: "ಅಕ್ಕಾ, ಸುಮ್ಮನಿದ್ದಿದ್ರ ಕಪ್ ನಿಂದ ಆಗ್ತಿತ್ತಲ್ಲ?"

"ಕೆಟ್ಟು ನಿಂತ ಗಾಡಿ ದಾಟೂದು ಎಮ್ಮಿಗೂ ಬರ್ತೈತಿ," ಎಂದಳು ಅಮರಮ್ಮ, ಮುಖದ ಕೆಂಪು ಮಣ್ಣು ಒರೆಸಿಕೊಳ್ಳುತ್ತ. "ಮುಂದಿನ ಸಲ ನಿನ್ನ ಗಾಡಿ ಛಲೋ ಇಟ್ಕೊಂಡು ಬಾ. ಓಡಾಕತ್ತಿದ್ದಾಗ ಹಿಂದ ಹಾಕ್ತೀನಿ."

ಅಫ್ರೋಜ ನಕ್ಕ. ಅವಳು ನಗಲಿಲ್ಲ.